ಎರಡು ಮೈಕಿನ ಹಾಡು

ಹಾಡಿನ ನಡುವೆಯೇ ಶಾಂತಕುಮಾರಿ ಮೈಕನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಟೀವಿ ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಬಣ್ಣ ಬದಲಿಸುತ್ತ ಓಡುತ್ತಲೇ ಇದ್ದವು.

"ಏಕಾಂತಪ್ಪನವ್ರೇ, ನಂಗೆ ಮಾತ್ರ ಅಳೋ ಹಾಡು ಯಾಕೆ?"

ಕರೋಕೆ ಮೆಷಿನ್ನಿನ ಪಕ್ಕ ಕೂತಿದ್ದ ಏಕಾಂತಪ್ಪ ಗಾಬರಿಯಾದ. "ನಿಮ್ಮ ದನಿಗೆ ಹೊಂದುತ್ತೆ ಅಂತ..."

"ನನ್ನ ದನಿಗೋ, ಬೋಳು ಹಣೆಗೋ?"

2003ರ ಫೆಬ್ರವರಿ. ಕಾಫಿ ಕೊಯ್ಲು ಮುಗಿದು, ಗಿಡಕ್ಕೆ ಹೂ ತರಿಸುವ ಹೂಮಳೆಗೆ ಕಾಯುವ ಬಿಡುವಿನ ದಿನಗಳು. ಮೂಡಿಗೆರೆ ಕಡೆಯ ಆ ಪ್ಲಾಂಟರ್ಸ್ ಕ್ಲಬ್ಬಿನ ಲೇಡೀಸ್ ಡೇಗೆ, ಕಾನ್ವೆಂಟಿನಲ್ಲಿ ಓದಿದ ಹಿರಿಯ ಹೆಂಗಸರೆಲ್ಲ ತಮ್ಮ ಕಾಲದ ಇಂಗ್ಲಿಷ್ ಪಾಪ್ ಹಾಡು ಹಾಡುವುದೆಂದು ತೀರ್ಮಾನವಾಗಿತ್ತು. ಪ್ರತಿ ಬುಧವಾರ ಮಧ್ಯಾಹ್ನ ಪ್ರಾಕ್ಟೀಸು. ಹಾಡು ಆರಿಸುವ ಕೆಲಸ ಏಕಾಂತಪ್ಪನದು. ಮದುವೆಯಾಗದೆ ಅರವತ್ತು ತಲುಪಿದ ಗಂಡಸಿನ ತಲೆಗೆ ಊರಿನವರು ಇಂಥವನ್ನೆಲ್ಲ ಕಟ್ಟುತ್ತಾರೆ.

ಅವನು ಅದನ್ನು ಸೊಗಸಾಗಿಯೇ ಮಾಡುತ್ತಿದ್ದ. ಅಂಜನಮ್ಮನಿಗೆ ಏದುಸಿರು, ಆದ್ದರಿಂದ ನಡುನಡುವೆ ಗಿಟಾರು ಉದ್ದಕ್ಕೆ ಬರುವ ಕುಣಿತದ ಹಾಡು. ರಂಗಮ್ಮನಿಗೆ ಕಣ್ಣು ಮಂಜು, ಒಂದೇ ಸಾಲು ತಿರುತಿರುಗಿ ಬರುವ ಹಾಡು. ಶಾಂತಕುಮಾರಿಗೆ ಮಾತ್ರ ವಾರ ವಾರವೂ ಅಗಲಿಕೆ, ಖಾಲಿ ಕೋಣೆ, ಮರಳಿ ಬಾರದವನು.

"ಅವ್ರು ಹೋಗಿ ಐದು ವರ್ಷ ಆಯ್ತು," ಎಂದಳು ಅವಳು, ಚೀಲ ಎತ್ತಿಕೊಳ್ಳುತ್ತ. "ತೋಟದಲ್ಲಿ ಲೆಕ್ಕ ಬರೆಯೋ ರೈಟರು, ಮೇಸ್ತ್ರಿ ಎಲ್ರೂ ನನ್ನೆದುರು ಪಿಸುಪಿಸು ಮಾತಾಡ್ತಾರೆ. ನಗ್ತಾ ಇದ್ದೋರು ನನ್ನ ಕಂಡ ಕೂಡ್ಲೇ ಬಾಯಿ ಮುಚ್ಚಿಕೊಳ್ತಾರೆ. ಇಲ್ಲಾದ್ರೂ ನಗೋಣ ಅಂತ ಬಂದ್ರೆ ನೀವೂ ಅದೇ. ಇನ್ಮೇಲೆ ನಾನು ಬರಲ್ಲ."

ಮುಂದಿನ ಬುಧವಾರ ಅವಳ ಕುರ್ಚಿ ಖಾಲಿ ಇತ್ತು. ಅಂಜನಮ್ಮ ಕುಣಿದಳು, ರಂಗಮ್ಮ ಒಂದೇ ಸಾಲನ್ನು ಮೂರು ರಾಗದಲ್ಲಿ ಹಾಡಿ ಎಲ್ಲರನ್ನೂ ನಗಿಸಿದಳು. ಏಕಾಂತಪ್ಪನ ಕಣ್ಣು ಬಾಗಿಲಲ್ಲೇ ಇತ್ತು.

ಅವಳಿಗೆ ಸರಿಯಾದ ಹಾಡು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕೆಣಕುತ್ತ ಜಗಳವಾಡುವ ತುಂಟ ಹಾಡು. ಹುಬ್ಬು ಏರಿಸಿ ಓರೆಗಣ್ಣಲ್ಲಿ ನೋಡುವ ಶಾಂತಕುಮಾರಿಗೆಂದೇ ಹೊಲಿದಂತಿತ್ತು. ಆದರೆ ಅದಕ್ಕೆ ಎರಡು ಮೈಕು ಬೇಕು. ಗಂಡ ಹೆಂಡತಿಯಲ್ಲದವರು ಜೊತೆಯಲ್ಲಿ ಹಾಡುವ ರೂಢಿ ಆ ಕ್ಲಬ್ಬಿನಲ್ಲಿರಲಿಲ್ಲ. ಹಾಗೆ ಹಾಡುವುದಿದ್ದರೂ ಎಲ್ಲರೂ ಬೊಟ್ಟು ಮಾಡುವುದು ಒಳ್ಳೆಯ ಕಂಠದ ಡಾಕ್ಟರ್ ವಿಶ್ವನಾಥರನ್ನೇ. ಅದಕ್ಕೇ ಆ ಡಿಸ್ಕನ್ನು ಅವನು ಮನೆಗೆ ಒಯ್ದು ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದ. ಮೀಸೆ ಬೆಳ್ಳಗಾದರೂ ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ಅವನಿಗೆ ಅವಳ ಮೇಲೆ ಪ್ರೀತಿಯಾಗಿತ್ತು, ಅಷ್ಟೇ.

ಸಂಜೆ ಒಬ್ಬನೇ ಕೂತು ಉಂಡು, ಬೀರುವಿನಿಂದ ಡಿಸ್ಕ್ ಹೊರತೆಗೆದ. ಮರುದಿನ ಅದನ್ನು ಹಿಡಿದು ಬಣಕಲ್ ದಾಟಿ ಅವಳ ಎಸ್ಟೇಟಿಗೆ ಜೀಪು ಓಡಿಸಿದ.

ಅವಳು ಜಗಲಿಯಲ್ಲಿದ್ದಳು. ಕಾಫಿ ಕೊಟ್ಟಳು, ನಗಲಿಲ್ಲ. ಅವನು ಹಾಡಿನ ವಿಷಯ ಹೇಳಿದಾಗ ಮಾತ್ರ ಹುಬ್ಬು ಮೇಲೇರಿತು.

"ಇದು ನಂಗೆ ಗೊತ್ತು. ಹಾಸ್ಟೆಲ್ಲಲ್ಲಿ ಸಿಸ್ಟರ್‌ಗೆ ಕೇಳದ ಹಾಗೆ ಹಾಡ್ತಿದ್ವಿ. ಗಂಡಸಿನ ಭಾಗ ಯಾರು ಹಾಡ್ತಾರೆ?"

"ಡಾಕ್ಟ್ರು ಇದ್ದಾರಲ್ಲ. ಒಳ್ಳೆ ಕಂಠ."

ಏರಿದ ಹುಬ್ಬು ಇಳಿಯಿತು. "ಹಾಗಾದ್ರೆ ಬೇಡ. ಡಿಸ್ಕ್ ತಗೊಂಡು ಹೋಗಿ."

ಅವನು ಜೀಪಿನವರೆಗೆ ಹೋದ. ಬಾಗಿಲು ತೆರೆದ, ಮುಚ್ಚಿದ, ತಿರುಗಿ ಬಂದು ಮೆಟ್ಟಿಲ ಕೆಳಗೇ ನಿಂತ.

"ಡಾಕ್ಟ್ರು ನಿಮ್ಮ ಜೊತೆ ಹಾಡೋದನ್ನ ನಾನು ಬಟನ್ ಒತ್ತುತ್ತಾ ನೋಡ್ಬೇಕಲ್ಲ ಅಂತ ಈ ಹಾಡನ್ನೇ ಬಚ್ಚಿಟ್ಟಿದ್ದೆ. ಅಳೋ ಹಾಡಿಗೆ ಒಬ್ರೇ ಸಾಕು. ಅದಕ್ಕೇ ಅದನ್ನೇ ಕೊಡ್ತಾ ಬಂದೆ. ನೀವಂದ್ರೆ ನಂಗೆ... ಇಷ್ಟ. ತುಂಬಾ."

ಶಾಂತಕುಮಾರಿ ಎದ್ದು ಜಗಲಿಯ ಅಂಚಿಗೆ ಬಂದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

"ಮತ್ತೆ ನೀವೇ ಹಾಡಿ, ಮಾರಾಯ್ರೆ."

"ನಂಗೆಲ್ಲಿ ಕಂಠ? ಅಲ್ದೆ ಜನ ಏನಂತಾರೆ?"

"ಇಷ್ಟು ವರ್ಷ ಅಯ್ಯೋ ಪಾಪ ಅಂದಿದ್ದು ಸಾಕು. ಇನ್ನು ಬೇರೆ ಏನಾದ್ರೂ ಅನ್ಲಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮಾತು ಸಣ್ಣದಾಯಿತು.

"ಈ ಮನೇಲಿ ಕಾಫಿ ಬೇಕಾ ಅಂತ ಕೇಳೋದೂ ನಾನೇ, ಬೇಕು ಅನ್ನೋದೂ ನಾನೇ. ಐದು ವರ್ಷದಿಂದ ಇಬ್ಬರ ಮಾತೂ ಒಬ್ಬಳೇ ಆಡಿ ಸಾಕಾಗಿದೆ. ನೀವು ತಪ್ಪಾಗೇ ಹಾಡಿ, ಪರವಾಗಿಲ್ಲ."

ಏಕಾಂತಪ್ಪ ಗಂಟಲು ಸರಿಮಾಡಿಕೊಂಡು ಅಲ್ಲೇ ಬಿಸಿಲಲ್ಲಿ ನಿಂತು ಹುಡುಗನ ಮೊದಲ ಸಾಲು ಹಾಡಿದ. ಶ್ರುತಿ ಎಲ್ಲೋ, ತಾಳ ಎಲ್ಲೋ. ಕಣದಲ್ಲಿ ಕೊನೆಯ ಕೊಯ್ಲಿನ ಕಾಫಿ ಹರವುತ್ತಿದ್ದ ಆಳುಗಳು ಕೈ ನಿಲ್ಲಿಸಿ ತಿರುಗಿ ನೋಡಿದರು. ಅಡುಗೆಯ ತಿಮ್ಮಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

ಶಾಂತಕುಮಾರಿ ಅವರೆಲ್ಲರನ್ನೂ ಒಮ್ಮೆ ನೋಡಿದಳು. ಮತ್ತೆ ಹುಬ್ಬು ಏರಿಸಿ, ಹುಡುಗಿಯ ಸಾಲನ್ನು ಗಟ್ಟಿಯಾಗಿ ಹಾಡಿದಳು.