ಹೆಸರು ಬರೆಯದ ನಾಲ್ಕು ಪೆಟ್ಟಿಗೆ

ಪಾಮನಕಲ್ಲೂರಿನ ಮನೆಯ ಅಂಗಳದಲ್ಲಿ ಆರು ಕಬ್ಬಿಣದ ಪೆಟ್ಟಿಗೆಗಳು ಸಾಲಾಗಿದ್ದವು. ಸೇನೆಯ ಹವಾಲ್ದಾರ ದುರುಗೇಶ ಬೆಳಗ್ಗೆಯಿಂದ ಕುಕ್ಕರಗಾಲಲ್ಲಿ ಕುಳಿತು, ಎರಡರ ಮೇಲೆ ಬಿಳಿ ಬಣ್ಣದಲ್ಲಿ ತನ್ನ ನಂಬರು, ಹೆಸರು, ವರ್ಗವಾದ ಊರು ಜೋಧಪುರ ಎಂದು ಬರೆದು ಮುಗಿಸಿದ್ದ. ರಜೆ ಇನ್ನು ನಾಲ್ಕೇ ದಿನ.

ಹೆಂಡತಿ ಅಂಬಿಕಾ ಚಹಾ ತಂದಳು. ಅವನು ಕುಂಚ ತೊಳೆಯುತ್ತಿದ್ದ.

“ಅಡಗಿ ಪೆಟ್ಟಿಗಿ, ಹಾಸಿಗಿ ಪೆಟ್ಟಿಗಿ ಯಾಕ ಹಂಗ ಬಿಟ್ಟೀರಿ?”

“ಬಣ್ಣ ತೀರೇತಿ.”

ಡಬ್ಬಿಯಲ್ಲಿ ಅರ್ಧ ಬಣ್ಣವಿತ್ತು. ಇಬ್ಬರೂ ಅದನ್ನು ನೋಡಿದರು. ಅವನ ಕಿವಿ ಕೆಂಪಾಯಿತು. ಹನ್ನೊಂದು ವರ್ಷದ ಸಂಸಾರದಲ್ಲಿ ಅವನ ಸುಳ್ಳನ್ನು ಮೊದಲು ಒಪ್ಪಿಕೊಳ್ಳುತ್ತಿದ್ದುದು ಆ ಕಿವಿಯೇ.

“ಲಿಂಗಸುಗೂರಾಗ ಮಲೀಕಸಾಬರ ಮನಿ ಖಾಲಿ ಐತಿ. ಮಾತಾಡಿ ಬಂದೀನಿ. ನೀನು, ಮಗಳು ಅಲ್ಲೇ ಇರ್ರಿ. ಆರಾಮ ಆಗತೈತಿ.”

“ಯಾರಿಗೆ?”

“ಜಮ್ಮುದಾಗ ಕ್ವಾರ್ಟರ್ಸ್ ಬಿಡೂ ದಿನ ಪೆಟ್ಟಿಗಿ ಮ್ಯಾಲ ಕುಂತು ಅಳಾಕತ್ತಿದ್ದಿ. ವಿಡಿಯೋ ಕಾಲ್‌ದಾಗ ನೋಡೀನಿ. ಅವತ್ತಽ ಅನ್ಕೊಂಡೆ, ಇನ್ನ ಸಾಕು ಅಂತ.”

ಆಗ ಅವನು ತರಬೇತಿಗೆಂದು ದೂರ ಹೋಗಿದ್ದ. ನಲ್ಲಿ, ಬಲ್ಬು, ಕಿಟಕಿಯ ಚಿಲಕಗಳನ್ನು ಒಂದೊಂದಾಗಿ ತೋರಿಸಿ, ಸಹಿ ಹಾಕಿ ಮನೆ ಒಪ್ಪಿಸಿದವಳು ಅಂಬಿಕಾ. ಮಗಳ ಟಿಸಿ ತಂದು, ಲಾರಿಗೆ ಸಾಮಾನು ಹೇರಿಸಿ, ಎರಡು ರೈಲು ಬದಲಿಸಿ ರಾಯಚೂರಿಗೆ ಬಂದು ಇಳಿದವಳೂ ಅವಳೇ.

“ನಾ ಅತ್ತಿದ್ದು ಬಾಜೂ ಮನಿ ವಸೀಮಾನ್ನ ಬಿಟ್ಟು ಬರಬೇಕಲ್ಲಾ ಅಂತ. ಜೋಧಪುರ ಬಿಡೂವಾಗೂ ಯಾರದರ ಸಲುವಾಗಿ ಅಳ್ತೀನಿ. ಹೆಂತಿ ಅತ್ತಾಗೆಲ್ಲ ಒಂದೊಂದು ಮನಿ ಹಿಡೀತೀರೇನು?”

ಅವನು ನಗು ಮುಚ್ಚಿಡಲು ಚಹಾದ ಲೋಟ ಎತ್ತಿದ. ಅವಳು ನಗಲಿಲ್ಲ. ಎದುರಿನ ಪೆಟ್ಟಿಗೆಯ ಮೇಲೆ ಕುಳಿತು ಅವನನ್ನೇ ದಿಟ್ಟಿಸಿದಳು.

“ನಂದಿರಲಿ. ನಿಮಗೇನು ಬೇಕು ಹೇಳ್ರಿ.”

ಅವನು ಹೆಬ್ಬೆರಳಿಗೆ ಅಂಟಿದ ಬಣ್ಣವನ್ನು ಬಹಳ ಹೊತ್ತು ಉಜ್ಜಿದ.

“ನೀ ಬರೂತನಕ ಯಾವ ಊರೂ ನನಗ ಊರು ಅನಸಂಗಿಲ್ಲ, ಅಂಬೀ. ಕೀಲಿ ತಗದು ಒಳಗ ಹೋಗಾಕೂ ಮನಸ್ಸಾಗಂಗಿಲ್ಲ.” ತಲೆ ಎತ್ತಿದ. “ಬಾ.”

ಅವಳ ಕಣ್ಣು ಒಂದು ಕ್ಷಣ ನೆಲ ನೋಡಿತು. ಆಮೇಲೆ, “ಹಂಗಾದ್ರ ಮಲೀಕಸಾಬರಿಗೆ ಫೋನ್ ಹಚ್ಚ್ರಿ,” ಎಂದಳು.

ಸ್ಪೀಕರಿನಲ್ಲಿ ಮಲೀಕಸಾಬರ ನಗು ಅಂಗಳಕ್ಕೆಲ್ಲ ಕೇಳಿಸಿತು. “ಅರೇ ಹವಾಲ್ದಾರ್ ಸಾಬ್, ಆ ಮನಿ ಕೊಟ್ಟುಬಿಟ್ಟೀನ್ರೀ! ನಿಮ್ಮ ಮನಿಯವ್ರು ನಿನ್ನೇನಽ ಫೋನ್ ಮಾಡಿ, ನಾವು ಬರಂಗಿಲ್ಲ ಅಂದ್ರು. ಮಸ್ಕಿ ಟೀಚರಮ್ಮ ಒಬ್ಬರನ್ನ ಬಾಡಿಗಿಗೆ ಹುಡುಕಿ ಕೊಟ್ಟವರೂ ಅವರಽ.”

ದುರುಗೇಶ ಫೋನ್ ಇಳಿಸಿದ.

“ನಿನಗ ಹೆಂಗ ಗೊತ್ತಾತು?”

“ಅಂಗಿ ಒಗಿಯೂವಾಗ ಕಿಸೇದಾಗ ಅವರ ಕಾರ್ಡ್ ಸಿಕ್ತು. ಫೋನ್ ಹಚ್ಚಿ ಕೇಳಿದೆ.”

“ಎಲ್ಲಾ ಮುಗಿಸಿ ಕುಂತು ಮತ್ತ ನನ್ನ ಯಾಕ ಇಷ್ಟು ಸತಾಯಿಸಿದಿ?”

ಅಂಬಿಕಾ ಎದ್ದು, ಬಾಗಿ, ಅವನ ಕೆಂಪು ಕಿವಿಯನ್ನು ಮೆಲ್ಲಗೆ ಹಿಂಡಿದಳು.

“ಮನಿ ಬಿಡಸೂದು, ಹಿಡಿಯೂದು ನನ್ನ ಕೆಲಸ, ಮಾಡಿದೆ. ಬಾ ಅನ್ನೂದು ನಿಮ್ಮ ಕೆಲಸ. ಅದನ್ನೂ ನಾನಽ ಮಾಡ್ಲೇನು?”