ತೋಳವ್ವನ ಪಾಲು

ಬಹಳ ಹಿಂದೆ, ಮೋಡಗಳು ನೆಲಕ್ಕಿಳಿದು ಕುರಿಗಳ ಜೊತೆ ಮೇಯುತ್ತಿದ್ದ ಕಾಲದಲ್ಲಿ, ಹುಲ್ಲಾವತಿ ಎಂಬ ರಾಜ್ಯವಿತ್ತು. ನಂಬದವರು ಹೋಗಿ ನೋಡಿ ಬರಬಹುದು. ದಾರಿ ಮಾತ್ರ ಕೇಳಬಾರದು.

ಅಲ್ಲಿಯ ಕುರುಬರು ವರ್ಷಕ್ಕೊಮ್ಮೆ ಹಿಂಡಿನ ಒಂದು ಮರಿಯನ್ನು ತೋಳಕ್ಕೆ ಬಿಡುತ್ತಿದ್ದರು. ಅದು ತೋಳವ್ವನ ಪಾಲು. ತೋಳಗಳೂ ಅಷ್ಟಕ್ಕೇ ತೃಪ್ತಿಪಡುತ್ತಿದ್ದವು.

ಆಮೇಲೆ ಕಂಟಕಸಿದ್ಧನೆಂಬ ಮಾಂತ್ರಿಕ ಬಂದ. ಊರೂರಿಗೆ ಮಾಯದ ಮುಳ್ಳುಬೇಲಿ ಎಬ್ಬಿಸಿದ. ಬೇಲಿಯೊಳಗೆ ಹುಲ್ಲು ತಾನಾಗಿ ಬೆಳೆಯಿತು. ಅಲೆಯುತ್ತಿದ್ದ ಕುರುಬರು ಕಾಲು ಚಾಚಿ ಕೂತರು. ಹೊಟ್ಟೆ ಬಂತು, ಜೊತೆಗೆ ಹೆದರಿಕೆಯೂ ಬಂತು. ಪಾಲು ನಿಂತಿತು. ಪಾಲಿಗೆಂದು ಬಂದ ತೋಳವ್ವ ಕಳ್ಳಿ ಎನಿಸಿಕೊಂಡಳು. ಅಟ್ಟಾಡಿಸಿ ಕೊಂದದ್ದೇ ಕೊಂದದ್ದು! ಕೊನೆಗೆ ಉಳಿದದ್ದು ಒಂದೇ ತಾಯಿತೋಳ. ಅದನ್ನೂ ಸುಡಲು ಅರಮನೆಗೆ ಎಳೆತಂದರು.

ಬೇಲಿಯೊಳಗೆ ಹೋಗದೆ ಇನ್ನೂ ಕುರಿ ಹಿಂದೆ ನಡೆಯುತ್ತಿದ್ದವಳು ಮಾಳವ್ವ ಒಬ್ಬಳೇ. ಗವಿಯಲ್ಲಿ ತೋಳದ ಮರಿಗಳು ಅಳುವುದನ್ನು ಕೇಳಿ ಅವಳ ಮೈಯೆಲ್ಲ ಉರಿಯಿತು. ಕಂಬಳಿ ಹೊದ್ದು, ಹಿಂಡನ್ನೂ ಕರೆದುಕೊಂಡೇ ಅರಮನೆಗೆ ನುಗ್ಗಿದಳು.

“ಅಲ್ರೀ ದೊರೆ, ಪಾಲು ನಿಲ್ಲಿಸಿದೋರು ನೀವು, ಕಳ್ಳಿ ಅನ್ನೋದು ಅವಳಿಗಾ? ನಾಚಿಕೆ ಆಗಲ್ವಾ?”

ದೊರೆ ಹಲ್ಲು ಕಡಿದ. ಪಕ್ಕದಲ್ಲಿದ್ದ ಕಂಟಕಸಿದ್ಧ ನಕ್ಕ. “ಮೂರು ಪರೀಕ್ಷೆ ಗೆಲ್ಲು ತಂಗೀ, ಬಿಡ್ತೀವಿ.”

ಮೊದಲು ಬೆಂಕಿಹಕ್ಕಿಯ ಗರಿ ತರಬೇಕಿತ್ತು. ಹಕ್ಕಿ ಕಿಡಿ ಕಾರಿತು: “ನನ್ನ ಮರ ಕಡಿದೋರ ಕುಲದೋಳು ನೀನು!” ಮಾಳವ್ವ, “ಹೌದು, ಅವರನ್ನೇ ಬೈಯೋಕೆ ಹೊರಟೀನಿ” ಅಂದಳು. ಹಕ್ಕಿ ತಾನೇ ಗರಿ ಕಿತ್ತುಕೊಟ್ಟಿತು.

ಎರಡನೆಯದು ಕಲ್ಲುಹುಲಿಯ ಮೀಸೆ. “ಹಗಲು ಕೈಮುಗೀತೀರಿ, ಸಂಜೆಗೆ ನನ್ನ ಕೆಡವೋಕೆ ಗುಂಡಿ ತೋಡ್ತೀರಿ” ಎಂದು ಹುಲಿ ಗುಡುಗಿತು. “ಆ ಗುಂಡಿ ಮುಚ್ಚಿಯೇ ಬಂದೀನಿ” ಅಂದಳು. ಮೀಸೆಯೂ ಸಿಕ್ಕಿತು.

ಮೂರನೆಯದಕ್ಕೆ ಮಾಂತ್ರಿಕ ತಾಯಿತೋಳವನ್ನು ಕುರಿಯಾಗಿಸಿ ದೊರೆಯ ಹಿಂಡಿನಲ್ಲಿ ಬಿಟ್ಟ. “ಹುಡುಕು. ತಪ್ಪಿದರೆ ಮರಿಗಳೂ ಬೆಂಕಿಗೆ!”

ಬೇಲಿಯೊಳಗೆ ಹುಟ್ಟಿದ ಕುರಿಗಳಿಗೆ ತೋಳದ ವಾಸನೆಯೇ ಗೊತ್ತಿಲ್ಲ, ಒಂದೂ ಬೆದರಲಿಲ್ಲ. ಮಾಳವ್ವ ತನ್ನ ಹಿಂಡಿನ ಮರಿಯೊಂದನ್ನು ನೆಲಕ್ಕೆ ಬಿಟ್ಟು ಕೂಗಿದಳು: “ತೋಳವ್ವಾ, ನಿನ್ನ ಪಾಲು!” ಯಾವ ಕುರಿಯೂ ಕದಲಲಿಲ್ಲ. ಆಗ ಅವಳು ಬೆನ್ನು ತಿರುಗಿಸಿ ನಿಂತಳು. ಪಾಲು ಕೊಟ್ಟವರು ತಿರುಗಿ ನೋಡಬಾರದು, ಉಣ್ಣುವವರಿಗೂ ಮಾನವಿದೆ.

“ತಿರುಗೇ, ಕಚ್ಚುತ್ತದೆ!” ಸಭೆಯೆಲ್ಲ ಕಿರುಚಿತು.

ಅವಳು ತಿರುಗಲಿಲ್ಲ. ಬಿಳಿ ಕುರಿಯೊಂದು ಮೆಲ್ಲಗೆ ಮುಂದೆ ಬಂದು, ಮರಿಯನ್ನು ಕಚ್ಚಿ, ತೋಳವಾಗಿ ಗವಿಯತ್ತ ಓಡಿತು. ಒಬ್ಬಳು ಹೆದರದೆ ನಿಂತದ್ದೇ ತಡ, ಹೆದರಿಕೆಯ ಮೇಲೆಯೇ ನಿಂತಿದ್ದ ಬೇಲಿಗಳೆಲ್ಲ ಒಣಗಿ ಉದುರಿದವು. ಕಂಟಕಸಿದ್ಧ ನಿಂತಲ್ಲೇ ಗೂಟವಾದ. ಊರ ನಾಯಿಗಳು ದಿನವೂ ಕಾಲೆತ್ತಿ ಅವನಿಗೆ ಗೌರವ ಸಲ್ಲಿಸಿದವು.

“ಏನು ಬೇಕು ಕೇಳವ್ವಾ,” ದೊರೆ ತಡವರಿಸಿದ.

“ಏಳ್ರಿ, ಹೊರಗೆ ನಡೀರಿ!”

ದೊರೆಯೂ ಎದ್ದು, ಏದುಸಿರು ಬಿಡುತ್ತ ಕುರಿ ಹಿಂದೆ ನಡೆದ. ಅಂದಿನಿಂದ ಕುರುಬರು ಸುಖವಾಗಿದ್ದರು, ತೋಳಗಳೂ ಸುಖವಾಗಿದ್ದವು. ಕುರಿಮರಿಗಳನ್ನು ಮಾತ್ರ ಯಾರೂ ಕೇಳಲಿಲ್ಲ.