ತೆಗೆಯತಕ್ಕ ಗೇಟು

೧೯೮೧ರ ಆಗಸ್ಟ್ ಹನ್ನೊಂದರ ಬೆಳಿಗ್ಗೆ ಸಿರುಗುಪ್ಪ ಠಾಣೆಗೆ ಒಂದು ವಿಚಿತ್ರ ದೂರು ಬಂತು. ಹೊಳೆದಿನ್ನಿಯ ಜಿಂಕೆವನದ ಕಬ್ಬಿಣದ ಗೇಟು ಕಳುವಾಗಿದೆ. ದೂರುದಾರ ಅಲ್ಲಿನ ಕಾವಲುಗಾರ ಕಾಡಸಿದ್ದಪ್ಪ. ಇನ್‌ಸ್ಪೆಕ್ಟರ್ ಪ್ರಹ್ಲಾದರಾಯರು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಎರ್ರಣ್ಣನನ್ನೂ ದೂರುದಾರನನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟರು.

ಹೊಳೆದಿನ್ನಿಗೆ ಮೂರು ಕಡೆ ತುಂಗಭದ್ರೆ, ನಾಲ್ಕನೆಯ ಕಡೆ ಈ ವನ. ಹೊಳೆ ಉಕ್ಕಿದರೆ ವನದೊಳಗಿನ ದಾರಿಯೊಂದೇ ಗತಿ. ಹಿಂದಿನ ವರ್ಷ ನೆರೆ ಬಂದಾಗ ರಕ್ಷಿತ ಜಾಗವೆಂದು ಆ ದಾರಿ ಬಿಡಲಿಲ್ಲ. ಹೆರಿಗೆ ನೋವಿನಲ್ಲಿದ್ದ ಹೊನ್ನೂರಮ್ಮ ಗೇಟಿನ ಮುಂದೆ ಗಾಡಿಯಲ್ಲೇ ತೀರಿಕೊಂಡಳು. ಆಮೇಲೆ ಹೊಸ ಕಾನೂನು ಬಂತು: ತುರ್ತು ಸ್ಥಳಾಂತರದ ವೇಳೆ ಗೇಟು ತೆಗೆಯತಕ್ಕದ್ದು. ಬೀಗದ ಕೈ ಮಾತ್ರ ಬಳ್ಳಾರಿಯ ಅರಣ್ಯ ಸಾಹೇಬರ ಬೀರುವಿನಲ್ಲಿ. ಈ ಜಾಣತನಕ್ಕೆ ಏನೆನ್ನಬೇಕೋ! ಈಗ ದೂರು ಬಂದ ದಿನವೇ, ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಊರಲ್ಲಿ ಡಂಗುರ ಸಾರಿದ್ದರು.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಲ್ಲುಕಂಬಗಳು ನಿಂತಿದ್ದವು. ಬೋಲ್ಟು ಬಿಚ್ಚಿ ಗೇಟನ್ನು ಎತ್ತಿ ಒಯ್ದಿದ್ದರು. ಗೇಟಿನಿಂದ ಕಳಚಿದ ಕೊಂಡಿ, ಸರಪಳಿ, ಬೀಗ ಕಂಬಕ್ಕೇ ತೂಗುತ್ತಿದ್ದವು. ಬೀಗದ ಅರಗಿನ ಮೊಹರು ಬಿರಿಯದಂತೆ ಕೊಂಡಿಯನ್ನೂ ಸೇರಿಸಿ ಎಣ್ಣೆಬಟ್ಟೆ ಸುತ್ತಿತ್ತು.

“ಈ ಬಟ್ಟಿ ಯಾರು ಸುತ್ತಿದ್ದು?” ರಾಯರು ಕೇಳಿದರು.

“ಮಳಿಗಾಲದಾಗ ನಾನ ಸುತ್ತತೀನ್ರಿ. ಸರಕಾರಿ ಮೊಹರು ಕೆಡಬಾರದಲ್ರಿ,” ಎಂದ ಕಾಡಸಿದ್ದಪ್ಪ.

“ಕಳಚಿದ ಕೊಂಡಿನೂ ಒಳಗ ಐತಲ್ಲೋ. ಅಂದ್ರ ಗೇಟು ಹೋದ ಮ್ಯಾಲ ಸುತ್ತೀದಿ. ಕಳ್ಳತನ ನೋಡಿ, ಮೊದಲು ಮೊಹರಿಗೆ ಬಟ್ಟಿ ಹುಡುಕಿದ್ಯಾ?”

ಅಷ್ಟರಲ್ಲಿ ಕಾಡಸಿದ್ದಪ್ಪನ ಗುಡಿಸಲ ಹಿಂದಿನ ಬಣವೆಯಿಂದ ಎರ್ರಣ್ಣ ಕೂಗಿದ, “ಸಾಹೇಬ್ರ, ಗೇಟು ಇಲ್ಲೈತ್ರಿ!”

“ಯಾಕ ಮಾಡಿದ್ಯೋ?” ರಾಯರು ಕಾಡಸಿದ್ದಪ್ಪನನ್ನು ಕೇಳಿದರು.

“ಕಾನೂನಿನ್ಯಾಗ ಗೇಟು ತೆಗೀಬೇಕು ಅಂತೈತ್ರಿ. ಬೀಗ ತೆಗಿ ಅಂತಿಲ್ಲ. ಅದಕ್ಕ ಗೇಟನ್ನ ತಗದೀನ್ರಿ.”

“ಮತ್ತ ದೂರು ಯಾಕ ಕೊಟ್ಟಿ?”

“ಗೇಟು ಇಲ್ಲದಿದ್ರ ದೂರು ಕೊಡೂದು ನನ್ನ ಡ್ಯೂಟಿ ಅಲ್ರಿ?”

ರಾಯರಿಗೆ ನಗು ತಡೆಯಲಾಗಲಿಲ್ಲ. ಕಾಡಸಿದ್ದಪ್ಪ ನಗಲಿಲ್ಲ.

“ಹೊನ್ನೂರಮ್ಮ ಗಾಡಿಯಾಗಿಂದ ‘ತೆಗಿ ಅಣ್ಣಾ, ತೆಗಿ’ ಅಂತಿದ್ಲ್ರಿ. ಆಕಿ ಆಕಡಿ, ನಾ ಈಕಡಿ. ಇಬ್ಬರಿಗೂ ಅದ ಬೀಗ.”

ಆದರೂ ರಾಯರು ಅವನನ್ನು ಬಂಧಿಸಲೇಬೇಕಿತ್ತು.

ಹೊಳೆಯ ಕಡೆಯಿಂದ ಗಾಡಿಗಳು ಬರತೊಡಗಿದವು. ಮುಂದಿನ ಗಾಡಿಯಲ್ಲಿ ಹೊನ್ನೂರಮ್ಮನ ತಾಯಿ ಗಿಡ್ಡಮ್ಮ ಕೂತಿದ್ದಳು. ಕಂಬಗಳ ನಡುವೆ ಗಾಡಿ ನಿಲ್ಲದೆ ದಾಟಿತು. ರಾಯರು ಜೀಪನ್ನು ಹಿಂದಕ್ಕೆ ತೆಗೆಸಿ ದಾರಿ ಬಿಟ್ಟರು.

“ಗೇಟು ವಾಪಸ್ ಹಾಕಸೂದೇನ್ರಿ?” ಎರ್ರಣ್ಣ ಕೇಳಿದ.

“ಹಾಕಂಗಿಲ್ಲ. ಅದು ಜಪ್ತಿಯಾದ ಮಾಲು. ಕೋರ್ಟಿನ್ಯಾಗ ಕೇಸು ಮುಗಿಯೂ ತನಕ ಠಾಣೆದಾಗ ಇರಬೇಕು.”

“ಕೇಸು ಯಾವಾಗ ಮುಗಿತೈತ್ರಿ?” ಎಂದ ಕಾಡಸಿದ್ದಪ್ಪ.

“ವರ್ಷಗಟ್ಟಲೆ ನಡಿತಾವಪ್ಪ.”

ಕಾಡಸಿದ್ದಪ್ಪ ತಾನಾಗಿಯೇ ಜೀಪು ಹತ್ತಿ ಕೂತ.